ಜಗಳವಾಡದ ಜೋಡಿ: ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’ ಚಿತ್ರದಲ್ಲಿ ಗೆಳೆತನ, ಮಾತು ಮತ್ತು ವೇಷ

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಇವತ್ತಿನ ಗೋಷ್ಠಿಯ ವಿಷಯ ‘ಹಾಸ್ಯ ಮತ್ತು ಹೆಣ್ಣು’. ನಾನು ಆರಿಸಿಕೊಂಡದ್ದು ಕನ್ನಡದ ಪಠ್ಯ ಅಲ್ಲ, 1953ರ ಒಂದು ಅಮೆರಿಕನ್ ಸಿನಿಮಾ. ಹೋವರ್ಡ್ ಹಾಕ್ಸ್ ನಿರ್ದೇಶಿಸಿದ, ಮರ್ಲಿನ್ ಮನ್ರೋ ಮತ್ತು ಜೇನ್ ರಸೆಲ್ ನಟಿಸಿದ ‘ಜೆಂಟಲ್‌ಮೆನ್ ಪ್ರಿಫರ್ ಬ್ಲಾಂಡ್ಸ್’. ಹೊಂಬಣ್ಣದ ಕೂದಲಿನ ಹೆಂಗಸರೇ ಗಂಡಸರಿಗೆ ಹೆಚ್ಚು ಇಷ್ಟ ಎಂಬುದು ಹೆಸರಿನ ಭಾವ. ಕನ್ನಡ ಸಾಹಿತ್ಯ ಓದುವವಳಿಗೆ ಇದು ಯಾಕೆ ಎಂದು ಯಾರಾದರೂ ಕೇಳುವ ಮೊದಲೇ ಒಂದು ಮಾತು ಹೇಳಿಬಿಡ್ತೇನೆ. ಈ ಸಿನಿಮಾದ ಬಗ್ಗೆ ಎರಡು ತೀರ್ಮಾನಗಳು ಬಹಳ ಬೇಗ ಸಿಗುತ್ತವೆ. ಒಂದು, ಇದು ಪೆದ್ದು ಚೆಲುವೆಯೊಬ್ಬಳನ್ನು ನೋಡಿ ನಗುವ ಹಗುರ ಸಿನಿಮಾ. ಇನ್ನೊಂದು, ಇದು ಹೆಣ್ಣುಗಳ ಗೆಳೆತನದ ವಿಜಯಗೀತೆ. ಎರಡರಲ್ಲಿಯೂ ಸತ್ಯ ಉಂಟು, ಎರಡೂ ಸಾಕಾಗುವುದಿಲ್ಲ. ನನ್ನ ಪ್ರಬಂಧ ಇವೆರಡರ ನಡುವೆ ಉಳಿದುಹೋದ ಹಣ ಮತ್ತು ಮಾತಿನ ಬಗ್ಗೆ.

ಮೊದಲು ‘ಸ್ಕ್ರೂಬಾಲ್’ ಎಂಬ ಶಬ್ದ. ನಮ್ಮಲ್ಲಿ ‘ಸ್ಕ್ರೂ ಲೂಸು’ ಅಂತ ಒಂದು ಮಾತು ಇರುವುದರಿಂದ ಇದೂ ಅದೇ ಎಂದು ಅನ್ನಿಸುತ್ತದೆ. ತಿಕ್ಕಲು ಎಂಬ ಅರ್ಥ ಇದಕ್ಕೂ ಇರುವುದು ನಿಜ. ಆದರೆ ಶಬ್ದ ಬಂದದ್ದು ಬೇಸ್‌ಬಾಲ್ ಮೈದಾನದಿಂದ. ಕಾರ್ಲ್ ಹಬಲ್ ಎಂಬ ಎಸೆತಗಾರ 1930ರ ದಶಕದಲ್ಲಿ ಇದಕ್ಕೆ ಹೆಸರಾಗಿದ್ದ. ಸಾಮಾನ್ಯ ಎಸೆತ ಯಾವ ಕಡೆಗೆ ತಿರುಗಬೇಕೋ ಅದಕ್ಕೆ ವಿರುದ್ಧ ದಿಕ್ಕಿಗೆ ತಿರುಗುವ ಚೆಂಡು ಅದು. ಕ್ರಿಕೆಟ್ ನೋಡುವವರಿಗೆ ಗೂಗ್ಲಿ ಎಂದರೆ ಸಾಕು. ಇದನ್ನು ನೆನಪಿಟ್ಟುಕೊಳ್ಳಿ ಅಂತ ಕೇಳಿಕೊಳ್ತೇನೆ, ಯಾಕಂದ್ರೆ ಈ ಸಿನಿಮಾದಲ್ಲಿ ಪೆದ್ದುತನದ ಹಾಗೆ ಕಾಣುವ ಮಾತುಗಳೆಲ್ಲ ನೆಲಕ್ಕೆ ಬಿದ್ದ ಮೇಲೆ ಇನ್ನೊಂದು ಕಡೆಗೆ ತಿರುಗುತ್ತವೆ.

ಸ್ಕ್ರೂಬಾಲ್ ಕಾಮಿಡಿ ಎಂಬ ಪ್ರಕಾರ ಬೆಳೆದದ್ದು 1934ರಿಂದ ಸುಮಾರು 1940ರ ದಶಕದ ಮೊದಲ ವರ್ಷಗಳವರೆಗೆ. ಫ್ರಾಂಕ್ ಕಾಪ್ರಾನ ‘ಇಟ್ ಹ್ಯಾಪನ್ಡ್ ಒನ್ ನೈಟ್’ ಬಂದದ್ದು 1934ರಲ್ಲಿ. ಹಾಲಿವುಡ್ಡಿನ ನೀತಿ ಸಂಹಿತೆ ಬಿಗಿಯಾಗಿ ಜಾರಿಯಾದದ್ದೂ ಅದೇ ವರ್ಷ. ಪರದೆಯ ಮೇಲೆ ಗಂಡು ಹೆಣ್ಣು ಒಂದೇ ಹಾಸಿಗೆಯಲ್ಲಿ ಕಾಣಿಸುವ ಹಾಗಿಲ್ಲ ಎಂದಾದ ಮೇಲೆ ಕಥೆಗಾರರು ಅವರಿಬ್ಬರನ್ನು ಮಾತಿನಲ್ಲಿ ಸೆಣಸಲು ಬಿಟ್ಟರು. ಆಸೆ ಎಲ್ಲ ನಾಲಗೆಗೆ ಬಂತು. ಒಬ್ಬರ ಮಾತು ಮುಗಿಯುವ ಮೊದಲೇ ಇನ್ನೊಬ್ಬರ ಮಾತು ಶುರು. ತಾಳಮದ್ದಳೆ ಕೇಳಿ ಬೆಳೆದವರಿಗೆ ಈ ಸುಖ ಹೊಸತಲ್ಲ. ವೇಷಭೂಷಣ ಇಲ್ಲದೆ, ಎದ್ದು ಕುಣಿಯದೆ, ಕೂತಲ್ಲಿಂದಲೇ ಎದುರು ಅರ್ಥಧಾರಿಯನ್ನು ಕಟ್ಟಿಹಾಕುವುದು ಎಂದರೆ ಎಂತ ಎಂದು ಅವರಿಗೆ ಗೊತ್ತುಂಟು. ವ್ಯತ್ಯಾಸ ಇಷ್ಟೇ, ಸ್ಕ್ರೂಬಾಲಿನಲ್ಲಿ ವಾದ ಮುಗಿಯುವುದು ಮದುವೆಯಲ್ಲಿ, ಅಥವಾ ಮುರಿದ ಮದುವೆ ಮತ್ತೆ ಕೂಡಿಕೊಳ್ಳುವುದರಲ್ಲಿ. ಸ್ಟಾನ್ಲಿ ಕ್ಯಾವೆಲ್ ಎಂಬ ತತ್ವಶಾಸ್ತ್ರಜ್ಞ 1981ರಲ್ಲಿ ಈ ಎರಡನೆಯ ಬಗೆಯ ಸಿನಿಮಾಗಳ ಮೇಲೆಯೇ ಒಂದು ಪುಸ್ತಕ ಬರೆದ.

ಹಾಕ್ಸ್ ಈ ಪ್ರಕಾರದ ದೊಡ್ಡ ಕಸುಬುದಾರ. ‘ಟ್ವೆಂಟಿಯತ್ ಸೆಂಚುರಿ’ (1934), ‘ಬ್ರಿಂಗಿಂಗ್ ಅಪ್ ಬೇಬಿ’ (1938), ‘ಹಿಸ್ ಗರ್ಲ್ ಫ್ರೈಡೇ’ (1940) ಅವನವು. ಈ ಕೊನೆಯದರಲ್ಲಿ ಅವನು ಮಾಡಿದ ಒಂದು ಬದಲಾವಣೆ ನಮಗೆ ಮುಖ್ಯ. ಮೂಲ ನಾಟಕದಲ್ಲಿ ಸಂಪಾದಕನೂ ಗಂಡಸು, ವರದಿಗಾರನೂ ಗಂಡಸು. ಹಾಕ್ಸ್ ವರದಿಗಾರನನ್ನು ಹೆಂಗಸನ್ನಾಗಿ ಮಾಡಿದ, ಇಡೀ ಕಥೆ ಬೇರೆಯಾಯಿತು. ಅದರ ಚಿತ್ರಕಥೆ ಬರೆದ ಚಾರ್ಲ್ಸ್ ಲೆಡರರ್‌ನೇ ನಮ್ಮ ಈ ಸಿನಿಮಾವನ್ನೂ ಬರೆದವನು. ಇನ್ನೂ ಹಿಂದೆ, 1928ರಲ್ಲಿ, ಊರೂರ ಬಂದರು ಸುತ್ತುವ ಇಬ್ಬರು ನಾವಿಕ ಗೆಳೆಯರ ಬಗ್ಗೆ ಹಾಕ್ಸ್ ‘ಎ ಗರ್ಲ್ ಇನ್ ಎವ್ರಿ ಪೋರ್ಟ್’ ಎಂಬ ಮೂಕಿ ಚಿತ್ರ ಮಾಡಿದ್ದ. ಅಲ್ಲಿ ಹೆಣ್ಣುಗಳು ಬಂದು ಹೋಗ್ತಾರೆ, ಗೆಳೆತನ ಉಳಿಯುತ್ತದೆ. 1953ರಲ್ಲಿ ಹಡಗು ಹತ್ತಿದವರು ಹೆಂಗಸರು. ಗಂಡಸರು ಬಂದು ಹೋಗುವ ಸರದಿ.

ಕಥೆಯನ್ನು ಬೇಗ ಹೇಳಿ ಮುಗಿಸ್ತೇನೆ. ಲಾರೆಲೈ ಲೀ (ಮನ್ರೋ) ಮತ್ತು ಡೊರೊಥಿ ಶಾ (ರಸೆಲ್) ವೇದಿಕೆಯ ಮೇಲೆ ಹಾಡಿ ಕುಣಿದು ಬದುಕುವವರು. ಲಾರೆಲೈಗೆ ಹಣ ಇರುವ ಗಂಡಸು ಬೇಕು, ಡೊರೊಥಿಗೆ ಮನಸ್ಸಿಗೆ ಹಿಡಿಸಿದ ಗಂಡಸು ಸಾಕು. ಲಾರೆಲೈಯನ್ನು ಮದುವೆಯಾಗಲು ಹೊರಟ ಗಸ್ ಎಸ್ಮಂಡ್ ಶ್ರೀಮಂತರ ಮಗ, ಅಪ್ಪನಿಗೆ ಹೆದರುವವನು. ಗೆಳತಿಯರಿಬ್ಬರೂ ಹಡಗಿನಲ್ಲಿ ಪ್ಯಾರಿಸ್ಸಿಗೆ ಹೊರಡ್ತಾರೆ. ಗಸ್‌ನ ಅಪ್ಪ ಮಲೋನ್ ಎಂಬ ಖಾಸಗಿ ಪತ್ತೇದಾರನನ್ನು ಅವರ ಹಿಂದೆ ಬಿಟ್ಟಿದ್ದಾನೆ. ಆ ಮಲೋನನಿಗೆ ಡೊರೊಥಿಯ ಮೇಲೆ ಪ್ರೀತಿ. ಹಡಗಿನಲ್ಲಿ ವಜ್ರದ ಗಣಿಯ ಮಾಲಿಕ, ಮುದುಕ ಬೀಕ್‌ಮನ್ ಸಿಗ್ತಾನೆ. ಅವನ ಹೆಂಡತಿಯ ವಜ್ರದ ಕಿರೀಟ ಲಾರೆಲೈಯ ಕೈಗೆ ಬರುತ್ತದೆ, ಅದರಿಂದ ಕೋರ್ಟು ಕಟ್ಟಲೆ, ಕೊನೆಗೆ ಜೋಡಿ ಮದುವೆ. ಇಷ್ಟೇ. ಈ ಕಥೆಯಲ್ಲಿ ವಿಶೇಷ ಎಂತದ್ದೂ ಇಲ್ಲ, ಮತ್ತು ಇರಬೇಕಾಗಿಯೂ ಇಲ್ಲ.

ಸಿನಿಮಾ ಶುರುವಾಗುವ ರೀತಿಯನ್ನು ನಿಧಾನವಾಗಿ ನೋಡಬೇಕು. ಹೆಸರುಗಳು ಬರುವ ಮೊದಲೇ ಪರದೆ ಸರಿಸಿಕೊಂಡು ಕೆಂಪು ಮಿನುಗು ಉಡುಪಿನ ಇಬ್ಬರೂ ಒಟ್ಟಿಗೆ ನುಗ್ಗಿ ಬರ್ತಾರೆ. ಯಕ್ಷಗಾನದ ಭಾಷೆಯಲ್ಲಿ ಹೇಳುವುದಾದರೆ ಇದು ಒಡ್ಡೋಲಗ. ಪಾತ್ರ ಯಾರು, ಎಷ್ಟು ಗಟ್ಟಿ ಎಂಬುದು ಮಾತಿಗೆ ಮೊದಲು ಕುಣಿತದಲ್ಲೇ ಸ್ಥಾಪನೆಯಾಗುತ್ತದೆ. ಆಗ ಅವರು ಹಾಡುವುದು ತಾವು ಲಿಟಲ್ ರಾಕ್ ಎಂಬ ಊರಿನ ಬಡ ಕೇರಿಯಿಂದ ಬಂದ ಇಬ್ಬರು ಹುಡುಗಿಯರು ಎಂದು. ಈ ‘ಇಬ್ಬರು’ ಎಂಬುದು ಸಿನಿಮಾದ ಸೇರ್ಪಡೆ. ಮೊದಲು ಅನಿತಾ ಲೂಸ್ 1925ರಲ್ಲಿ ಕಾದಂಬರಿ ಬರೆದರು. ಅದು 1949ರಲ್ಲಿ ಬ್ರಾಡ್‌ವೇಯ ಸಂಗೀತ ನಾಟಕವಾಯಿತು. ಅಲ್ಲಿ ಲಾರೆಲೈ ಆಗಿದ್ದ ಕ್ಯಾರೊಲ್ ಚಾನಿಂಗ್ ಈ ಹಾಡನ್ನು ಒಬ್ಬಳೇ ಹಾಡ್ತಿದ್ದಳು, ಹಾಡಿನಲ್ಲಿ ಇದ್ದದ್ದು ಒಬ್ಬಳೇ ಹುಡುಗಿ. ಸಿನಿಮಾ ಅದನ್ನು ಇಬ್ಬರಿಗೆ ಹಂಚಿತು. ನೋಡಿ, ಒಂದು ಸಂಖ್ಯೆ ಬದಲಾದದ್ದರಿಂದ ಒಂದು ಪ್ರಸಂಗವೇ ಬದಲಾಯಿತು. ಒಬ್ಬಳು ಹಾಡಿದರೆ ಅದು ಗಂಡಸರಿಗೆ ಬಲೆ ಬೀಸುವ ಹೆಂಗಸಿನ ಆತ್ಮಕಥೆ. ಇಬ್ಬರು ಹಾಡಿದರೆ ಅದು ಒಂದೇ ಕೇರಿಯಿಂದ ಎದ್ದು ಬಂದವರ ಒಪ್ಪಂದ.

ಆ ಕಾಲದ ವ್ಯವಹಾರ ಈ ಜೋಡಿಗೆ ಅನುಕೂಲವಾಗಿ ಇರಲಿಲ್ಲ ಎಂಬುದನ್ನೂ ಹೇಳಬೇಕು. ರಸೆಲ್ ಆಗ ದೊಡ್ಡ ತಾರೆ, ಹೆಸರು ಮೊದಲು ಬರುವುದು ಅವಳದ್ದು. ಮನ್ರೋ ಸ್ಟುಡಿಯೋದ ವಾರದ ಸಂಬಳದ ನಟಿ. ಹೊಂಗೂದಲು ಮತ್ತು ಕಪ್ಪುಕೂದಲು ಎಂಬ ಸ್ಪರ್ಧೆಯನ್ನು ಸಿನಿಮಾದ ಹೆಸರೇ ಮುಂದಿಡುತ್ತದೆ. ಯಾರನ್ನು ಮೆಚ್ಚುತ್ತೀರಿ ಎಂದು ಕೇಳಿಯೇ ಟಿಕೆಟ್ ಮಾರಿದ ಹಾಗೆ. ಹೀಗಿದ್ದೂ ಇಬ್ಬರು ಹೆಂಗಸರನ್ನು ಒಟ್ಟಿಗೆ ನಿಲ್ಲಿಸಿದಾಗ ಕಥೆಗಾರರು ಸಾಮಾನ್ಯವಾಗಿ ಮಾಡುವ ಕೆಲಸವನ್ನು, ಅಂದರೆ ಒಬ್ಬ ಗಂಡಸಿಗಾಗಿ ಅವರನ್ನು ಜಗಳಕ್ಕೆ ಹಚ್ಚುವುದನ್ನು, ಈ ಸಿನಿಮಾ ಮಾಡುವುದೇ ಇಲ್ಲ. ಒಂದೇ ಒಂದು ದೃಶ್ಯದಲ್ಲಿಯೂ ಮಾಡುವುದಿಲ್ಲ. ಸ್ಕ್ರೂಬಾಲ್ ಎಂದರೆ ಜೋಡಿಯ ಜಗಳ ಎಂದು ಈಗಷ್ಟೇ ಹೇಳಿದೆ. ಹಾಗಾದರೆ ಜಗಳವಾಡದ ಜೋಡಿಯನ್ನು ನಡುವೆ ಇಟ್ಟುಕೊಂಡ ಇದು ಸ್ಕ್ರೂಬಾಲ್ ಹೇಗೆ?

ನನ್ನ ಉತ್ತರ ಹೀಗೆ. ಜಗಳ ಇಲ್ಲವಾದದ್ದಲ್ಲ, ಅದರ ಜಾಗ ಬದಲಾಯಿತು. ಲಾರೆಲೈಗೂ ಡೊರೊಥಿಗೂ ಹಣದ ಬಗ್ಗೆ, ಗಂಡಸರ ಬಗ್ಗೆ ಪೂರ್ತಿ ಬೇರೆ ಬೇರೆ ಅಭಿಪ್ರಾಯಗಳು. ಒಬ್ಬರು ಇನ್ನೊಬ್ಬರನ್ನು ಛೇಡಿಸ್ತಾರೆ. ಆದರೆ ಸಿನಿಮಾದ ಕೊನೆಯವರೆಗೂ ಯಾರೂ ಯಾರನ್ನೂ ಬದಲಾಯಿಸುವುದಿಲ್ಲ. ಲಾರೆಲೈ ತನ್ನ ಗೆಳತಿಗೂ ಒಬ್ಬ ಶ್ರೀಮಂತ ಸಿಗಲಿ ಎಂದು ಹಡಗಿನ ಪ್ರಯಾಣಿಕರ ಪಟ್ಟಿ ತರಿಸಿ, ಆಳು ಸಮೇತ ಬರುತ್ತಿರುವ ಹೆನ್ರಿ ಸ್ಪಾಫರ್ಡ್ ಎಂಬ ಹೆಸರನ್ನು ಆರಿಸ್ತಾಳೆ. ಊಟದ ಮೇಜಿಗೆ ಬಂದಾಗ ನೋಡಿದರೆ ಅವನು ಪುಟ್ಟ ಹುಡುಗ! (ಜಾರ್ಜ್ ವಿನ್ಸ್ಲೋ ಎಂಬ ಬಾಲನಟ, ಮುದುಕರ ಹಾಗೆ ಗಡಸು ಧ್ವನಿ. ಅವನ ಬಗ್ಗೆಯೇ ಒಂದು ಪ್ರಬಂಧ ಬರೆಯಬಹುದು.) ಲಾರೆಲೈಯ ಕಾಳಜಿ ತಪ್ಪು ಕಡೆಗೆ ಹೋಯಿತು, ಆದರೆ ಕಾಳಜಿ ಸುಳ್ಳಲ್ಲ. ಇತ್ತ ಡೊರೊಥಿ ಲಾರೆಲೈಯನ್ನು ಎದುರಿಗೇ ಚುಚ್ಚುವವಳು. ಆದರೆ ಮಲೋನ್ ಅವಳ ಬಗ್ಗೆ ಹಗುರವಾಗಿ ಮಾತಾಡಿದ ಕೂಡಲೇ, ಆ ಹಕ್ಕು ತನಗೊಬ್ಬಳಿಗೇ ಇರುವುದು ಎಂದು ಬಾಯಿ ಮುಚ್ಚಿಸ್ತಾಳೆ. ಮನೆಯೊಳಗೆ ಎಷ್ಟು ಬೈದರೂ ಹೊರಗಿನವರು ಒಂದು ಮಾತು ಹೇಳಿದರೆ ಸಹಿಸದ ಅಕ್ಕಂದಿರನ್ನು ನಾವೆಲ್ಲ ಕಂಡಿದ್ದೇವೆ, ಅಲ್ಲವಾ? ಮಲೋನ್ ಬೇಹುಗಾರ ಎಂದು ಡೊರೊಥಿಗೆ ಗೊತ್ತಾದಾಗ ಅವಳು ಎರಡು ನಿಮಿಷ ಕೂಡ ಒದ್ದಾಡುವುದಿಲ್ಲ. ಗೆಳತಿಯ ಹತ್ತಿರ ಹೋಗಿ ಹೇಳ್ತಾಳೆ. ಇಬ್ಬರೂ ಸೇರಿ ಅವನಿಗೆ ಅಮಲು ಬೆರೆಸಿದ ಪೇಯ ಕುಡಿಸಿ, ಮೈಮೇಲೆ ನೀರು ಚೆಲ್ಲಿ, ಪ್ಯಾಂಟು ಬಿಚ್ಚಿ, ಜೇಬಿನಲ್ಲಿದ್ದ ಫಿಲ್ಮ್ ಸುರುಳಿಯನ್ನು ತೆಗೀತಾರೆ. ಹಳೆಯ ಸ್ಕ್ರೂಬಾಲಿನಲ್ಲಿ ಗಂಡು ಹೆಣ್ಣು ಪರಸ್ಪರರ ಮೇಲೆ ಹೂಡುತ್ತಿದ್ದ ತಂತ್ರಗಳನ್ನೆಲ್ಲ ಇವರಿಬ್ಬರು ಒಟ್ಟಾಗಿ ಹೊರಗಿನವರ ಮೇಲೆ ಹೂಡ್ತಾರೆ. ಎದುರು ಅರ್ಥಧಾರಿ ಈಗ ಗಂಡಸು ಒಬ್ಬನೇ ಅಲ್ಲ. ಪತ್ತೇದಾರ, ಬ್ಯಾಂಕು, ಹೋಟೆಲ್ಲು, ಕೋರ್ಟು, ಮಾವನಾಗುವವನು, ಎಲ್ಲರೂ.

ಇನ್ನು ‘ನೋಟ’ದ ವಿಚಾರ. ನಮ್ಮ ತರಗತಿಗಳಲ್ಲಿ ಲಾರಾ ಮಲ್ವಿಯ 1975ರ ಪ್ರಬಂಧ ಓದದವರು ಕಡಿಮೆ. ಹಾಲಿವುಡ್ ಸಿನಿಮಾದಲ್ಲಿ ನೋಡುವವನು ಗಂಡು, ನೋಡಿಸಿಕೊಳ್ಳುವವಳು ಹೆಣ್ಣು ಎಂಬುದು ಅದರ ವಾದ. ನಮ್ಮ ಸಿನಿಮಾ ಅದಕ್ಕೆ ಹೇಳಿ ಮಾಡಿಸಿದ ಉದಾಹರಣೆಯ ಹಾಗೆ ಕಾಣುತ್ತದೆ. ಆದರೆ 1982ರಲ್ಲಿ ಲೂಸಿ ಆರ್ಬತ್ನಾಟ್ ಮತ್ತು ಗೇಲ್ ಸೆನೆಕಾ ಇದೇ ಸಿನಿಮಾದ ಮೇಲೆ ಬರೆದ ಪ್ರಬಂಧದಲ್ಲಿ ಬೇರೆ ದಾರಿ ಹಿಡಿದರು. ಈ ಇಬ್ಬರು ಹೆಂಗಸರು ನಿಲ್ಲುವ, ನಡೆಯುವ, ತಿರುಗಿ ನೋಡುವ ರೀತಿ ಗಂಡುನೋಟವನ್ನು ತಡೆಯುತ್ತದೆ, ಮತ್ತು ಅವರು ಹೆಚ್ಚು ಪ್ರೀತಿಯಿಂದ ನೋಡುವುದು ಒಬ್ಬರನ್ನೊಬ್ಬರು ಎಂದು ತೋರಿಸಿದರು. ಅವರು ಹೇಳಿದ್ದರಲ್ಲಿ ಬಹುಪಾಲು ನನಗೆ ಒಪ್ಪಿಗೆ. ಎರಡು ದೃಶ್ಯ ಸಾಕು.

ಒಂದು, ಹಡಗಿನ ವ್ಯಾಯಾಮಶಾಲೆ. ಒಲಿಂಪಿಕ್ಸ್‌ಗೆ ಹೊರಟ ಗಂಡಸರ ತಂಡ ಮೈಬಣ್ಣದ ಚಡ್ಡಿಯಲ್ಲಿ ಸಾಲಾಗಿ ಕಸರತ್ತು ಮಾಡ್ತಾ ಉಂಟು. ಡೊರೊಥಿ ನಡುವೆ ಹಾಡುತ್ತ ಓಡಾಡ್ತಾಳೆ. ಪ್ರೀತಿಸಲು ಬಿಡುವಿರುವವರು ಇಲ್ಲಿ ಯಾರೂ ಇಲ್ಲವಾ ಎಂಬುದು ಅವಳ ಗೋಳು. ಒಬ್ಬನೂ ಅವಳ ಕಡೆ ತಿರುಗುವುದಿಲ್ಲ. ಮಾಂಸಖಂಡಗಳ ಈ ಪ್ರದರ್ಶನದಲ್ಲಿ ಬಟ್ಟೆ ತೊಟ್ಟವಳು ಅವಳು, ಆಟದ ಸಾಮಾನು ಅವರು. ನೃತ್ಯ ರೂಪಿಸಿದ ಜಾಕ್ ಕೋಲ್ ಅವರಿಗೆ ಮುಖವನ್ನೇ ಕೊಟ್ಟಿಲ್ಲ ಎನ್ನಬಹುದು, ಬರೀ ತೋಳು ಮತ್ತು ತೊಡೆ. ಕೊನೆಗೆ ನೀರಿಗೆ ಹಾರುವ ಗಂಡಸೊಬ್ಬ ತಾಗಿ ಅವಳು ಕೊಳಕ್ಕೆ ಬೀಳ್ತಾಳೆ. ಅದು ಚಿತ್ರೀಕರಣದಲ್ಲಿ ಆಕಸ್ಮಿಕವಾಗಿ ಆದದ್ದು, ಹಾಕ್ಸ್ ಹಾಗೆಯೇ ಉಳಿಸಿಕೊಂಡ. ಎರಡು, ಲಾರೆಲೈ ಮೊದಲ ಸಲ ಬೀಕ್‌ಮನ್‌ನನ್ನು ನೋಡುವುದು. ಅವನು ವಜ್ರದ ಗಣಿಯವನು ಎಂದು ಕೇಳಿದ್ದೇ ಅವಳ ಕಣ್ಣಿಗೆ ಅವನ ತಲೆ ಇರುವಲ್ಲಿ ಒಂದು ದೊಡ್ಡ ವಜ್ರ ಹೊಳೆಯುತ್ತದೆ. ಹೆಣ್ಣನ್ನು ವಸ್ತುವಾಗಿ ನೋಡುವುದು ಎಂದು ನಾವು ಉತ್ತರಪತ್ರಿಕೆಯಲ್ಲಿ ಎಷ್ಟು ಸಲ ಬರೆದಿಲ್ಲ! ಇಲ್ಲಿ ಒಬ್ಬ ಗಂಡಸು ಅಕ್ಷರಶಃ ವಸ್ತುವಾಗ್ತಾನೆ, ಅದೂ ಕ್ಯಾರೆಟ್ಟಿನ ಲೆಕ್ಕದಲ್ಲಿ.

ನನ್ನ ತಕರಾರು ಇರುವುದು ಇದರ ನಂತರ. ನೋಟದ ಬಗ್ಗೆ ಇಷ್ಟು ಚೆನ್ನಾಗಿ ಮಾತಾಡಿದ ಆ ಓದು ನೋಟಿನ ಬಗ್ಗೆ, ಅಂದರೆ ದುಡ್ಡಿನ ಬಗ್ಗೆ, ಅಷ್ಟು ಮಾತಾಡುವುದಿಲ್ಲ. (ಶ್ಲೇಷೆಗೆ ಕ್ಷಮೆ ಇರಲಿ.) ಗೆಳೆತನವನ್ನು ಬರೀ ಕಣ್ಣಿನ ಸಂಗತಿ ಮಾಡಿದರೆ ಅದು ಬಹಳ ಸುಲಭವಾಗಿ ಸುಂದರವಾಗಿಬಿಡುತ್ತದೆ. ಈ ಇಬ್ಬರು ದುಡಿಯುವ ಹೆಂಗಸರು. ಪ್ಯಾರಿಸ್ಸಿಗೆ ಬಂದು ಅಂಗಡಿ ಅಂಗಡಿ ಸುತ್ತಿ ಬಟ್ಟೆ ಕೊಳ್ಳುವ ಭಾಗವನ್ನು ಎಲ್ಲರೂ ನೆನಪಿಟ್ಟುಕೊಳ್ತಾರೆ. ಅದರ ಬೆನ್ನಿಗೇ ಗಸ್ ಕೊಟ್ಟಿದ್ದ ಬ್ಯಾಂಕಿನ ಸಾಲಪತ್ರ ರದ್ದಾಗುತ್ತದೆ, ಹೋಟೆಲ್ಲಿನಲ್ಲಿ ಜಾಗ ಇಲ್ಲ, ಪೆಟ್ಟಿಗೆಗಳ ಸಮೇತ ಬೀದಿ. ಆಗ ಅವರು ಮಾಡುವುದೇನು? ರಸ್ತೆ ಬದಿಯ ಕೆಫೆಯಲ್ಲಿ ಕೂತು ಒಂದು ಹಾಡು ಹಾಡಿ, ನೈಟ್‌ಕ್ಲಬ್ಬಿನಲ್ಲಿ ಕೆಲಸಕ್ಕೆ ಸೇರ್ತಾರೆ. ಅಳು ಇಲ್ಲ, ಗಸ್‌ಗೆ ಕಾಗದ ಬರೆದು ಅಂಗಲಾಚುವುದೂ ಇಲ್ಲ. ಕೈಯಲ್ಲಿ ಕಸುಬು ಇದ್ದವರ ನೆಮ್ಮದಿ ಅದು. ಹಾಕ್ಸ್‌ನ ವಿಮಾನ ಹಾರಿಸುವ ಗಂಡಸರು, ಪತ್ರಿಕೆ ನಡೆಸುವ ಗಂಡಸರು ಹೇಗೆ ತಮ್ಮ ಕೆಲಸದಿಂದಲೇ ಒಬ್ಬರನ್ನೊಬ್ಬರು ಅಳೆಯುತ್ತಾರೋ ಇವರೂ ಹಾಗೆ. ಒಬ್ಬಳಿಗೆ ಇನ್ನೊಬ್ಬಳ ಹೆಜ್ಜೆ ಗೊತ್ತುಂಟು, ಯಾವ ತಾಳಕ್ಕೆ ತಿರುಗುತ್ತಾಳೆ ಎಂದು ಗೊತ್ತುಂಟು. ಅವರ ಗೆಳೆತನದ ಬೇರು ಇಲ್ಲಿ ಉಂಟು ಎಂದು ನನ್ನ ವಾದ. ಅದು ಮೊದಲು ಜತೆಕೆಲಸ, ಆಮೇಲೆ ಪ್ರೀತಿ.

ಹೀಗೆ ನೋಡಿದರೆ ಲಾರೆಲೈಯ ವಜ್ರದ ಹುಚ್ಚೂ ಬೇರೆ ಥರ ಕಾಣುತ್ತದೆ. ಎಲ್ಲರಿಗೂ ಗೊತ್ತಿರುವ, ಗುಲಾಬಿ ಉಡುಪಿನ ಆ ಹಾಡು (1985ರಲ್ಲಿ ಮಡೋನಾ ತನ್ನ ವಿಡಿಯೋದಲ್ಲಿ ಅನುಕರಿಸಿದ್ದು ಇದನ್ನೇ) ಹೇಳುವುದರ ಸಾರ ಇಷ್ಟು: ಗಂಡಸಿನ ಮೋಹ ಹೆಂಗಸಿನ ಪ್ರಾಯದ ಜೊತೆ ಇಳಿಯುತ್ತದೆ, ಕಲ್ಲಿನ ಬೆಲೆ ಇಳಿಯುವುದಿಲ್ಲ. ಇದು ದುರಾಸೆಯಾ ಅಥವಾ ವಿಮೆಯಾ? ವೇದಿಕೆಯ ಮೇಲೆ ದೇಹದಿಂದ ದುಡಿಯುವವಳಿಗೆ ನಿವೃತ್ತಿಯ ವಯಸ್ಸು ಯಾವುದು, ಪಿಂಚಣಿ ಯಾರು ಕೊಡ್ತಾರೆ ಎಂದು ಕೇಳಿಕೊಂಡು ನೋಡಿದರೆ ಆ ಹಾಡಿನ ನಗು ಸ್ವಲ್ಪ ಒಣಗುತ್ತದೆ. ಕೊನೆಯಲ್ಲಿ ಗಸ್‌ನ ಅಪ್ಪನ ಎದುರು ಲಾರೆಲೈ ಹೂಡುವ ವಾದವೂ ಇದೇ. ಗಂಡಸಿನ ಶ್ರೀಮಂತಿಕೆ ಎಂದರೆ ಹೆಣ್ಣಿನ ಚೆಲುವಿನ ಹಾಗೆ. ಚೆಲುವಿಗೋಸ್ಕರವೇ ಯಾರೂ ಮದುವೆಯಾಗುವುದಿಲ್ಲ, ಆದರೆ ಇದ್ದರೆ ಬೇಡ ಎನ್ನುವವರು ಉಂಟಾ? ಮುದುಕ ತಬ್ಬಿಬ್ಬು. ಇವಳು ಪೆದ್ದಿ ಎಂದು ಕೇಳಿದ್ದೆನಲ್ಲಾ ಅಂತಾನೆ. ಬೇಕಾದಾಗ ಜಾಣೆಯಾಗಬಲ್ಲೆ, ಆದರೆ ಹೆಚ್ಚಿನ ಗಂಡಸರಿಗೆ ಅದು ಹಿಡಿಸುವುದಿಲ್ಲ ಎಂಬ ಅರ್ಥದ ಉತ್ತರ ಕೊಡ್ತಾಳೆ. ನಾನು ಮೊದಲು ಹೇಳಿದ ಗೂಗ್ಲಿ ಇದು. ಇಡೀ ಸಿನಿಮಾ ಒಂದು ಕಡೆಗೆ ತಿರುಗುತ್ತಿದ್ದ ಚೆಂಡು ಇಲ್ಲಿ ಒಳಗೆ ಬಂತು. ತರ್ಕದಲ್ಲಿ ಅವಳನ್ನು ಹಿಡಿಯಲಾಗುವುದಿಲ್ಲ, ಯಾಕಂದ್ರೆ ಮದುವೆಯ ಪೇಟೆಯ ನಿಯಮ ಮಾಡಿದವಳು ಅವಳಲ್ಲ. ಅವಳು ಅದನ್ನು ಜೋರಾಗಿ ಓದಿ ಹೇಳಿದಳು, ಅಷ್ಟೆ.

ಈಗ ಮಾತಿನ ವಿಚಾರಕ್ಕೆ ಬರ್ತೇನೆ. ಇದು ನನಗೆ ಹತ್ತಿರದ್ದು. ಲೂಸ್ ಬರೆದ ಕಾದಂಬರಿ ಲಾರೆಲೈಯ ದಿನಚರಿಯ ರೂಪದಲ್ಲಿ ಉಂಟು. ಕಾಗುಣಿತದ ತಪ್ಪುಗಳು, ದೊಡ್ಡ ಮನುಷ್ಯರ ಹಾಗೆ ಬರೆಯಲು ಹೋಗಿ ಎಡವಿದ ವಾಕ್ಯಗಳು ತುಂಬಿವೆ. ಓದುವವರು ಮೊದಲು ಅವಳ ಇಂಗ್ಲಿಷನ್ನು ನೋಡಿ ನಗ್ತಾರೆ. ಸ್ವಲ್ಪ ಹೊತ್ತಾದ ಮೇಲೆ ಆ ತಪ್ಪು ವಾಕ್ಯಗಳು ಎಷ್ಟು ಸರಿಯಾಗಿ ಜನರನ್ನು ಅಳೆಯುತ್ತಿವೆ ಎಂದು ಹೊಳೆಯುತ್ತದೆ. ಸಿನಿಮಾದಲ್ಲಿ ಕಾಗುಣಿತ ತೋರಿಸಲು ಆಗುವುದಿಲ್ಲವಲ್ಲ, ಆ ಕೆಲಸವನ್ನು ಮನ್ರೋ ಉಚ್ಚಾರದಲ್ಲಿ ಮಾಡಿದ್ದಾಳೆ. ಶ್ರೀಮಂತರ ಎದುರು ಅವಳ ಒಂದೊಂದು ಅಕ್ಷರವೂ ಅತಿಯಾಗಿ ಸ್ಪಷ್ಟ, ಅತಿಯಾಗಿ ವಿನಯ. ಧನ್ಯವಾದ ಹೇಳುವುದಕ್ಕೂ ಒಂದು ಮೊಳ ಉದ್ದದ ಮಾತು. ಹಡಗಿಗೆ ದಾರಿ ಕೇಳುವಾಗ ಯುರೋಪು ಒಂದು ಊರು, ಫ್ರಾನ್ಸ್ ಅದರ ಜಿಲ್ಲೆ ಎಂಬಂತೆ ಜೋಡಿಸಿ ಕೇಳ್ತಾಳೆ. ಆದರೆ ಬಾಗಿಲು ಮುಚ್ಚಿಕೊಂಡು ಡೊರೊಥಿಯ ಹತ್ತಿರ ಮಲೋನನ ಪ್ಯಾಂಟು ಬಿಚ್ಚುವ ಉಪಾಯ ಮಾಡುವಾಗ ಕೇಳಿ. ನನ್ನ ಕಿವಿಗೆ ಆ ಲಾರೆಲೈ ಬೇರೆ. ಬೇಗ, ಚಿಕ್ಕದಾಗಿ, ಕೆಲಸದ ಮಾತು.

ಕಾಸರಗೋಡಿನವಳಾದ ನನಗೆ ಇದು ಅಭಿನಯದ ಚಮತ್ಕಾರವಾಗಿ ಮಾತ್ರ ಕೇಳಿಸುವುದಿಲ್ಲ. ನಮ್ಮದನ್ನು ಸಪ್ತಭಾಷೆಗಳ ನಾಡು ಅಂತಾರೆ. ಕೇಳಲು ಚಂದ. ಬದುಕಿನಲ್ಲಿ ಅದರ ಅರ್ಥ, ಬಸ್ಸಿನ ಕಂಡಕ್ಟರನ ಹತ್ತಿರ ಒಂದು, ಮೀನು ತರುವವರ ಹತ್ತಿರ ಒಂದು, ಕಚೇರಿಯ ಕೌಂಟರಿನಲ್ಲಿ ಇನ್ನೊಂದು ಭಾಷೆ. ಮತ್ತೆ ಘಟ್ಟದ ಮೇಲಿನ ಸಭೆಯಲ್ಲಿ ಎದ್ದು ನಿಂತರೆ ‘ನಿಮ್ಮ ಕನ್ನಡ ಪುಸ್ತಕದ ಕನ್ನಡ, ನಾಟಕದ ಹಾಗೆ ಉಂಟು’ ಎಂದು ನಗುವವರಿಗೆ ಬೇಕಾದ ಕನ್ನಡ. ಅತಿಯಾಗಿ ಸರಿಯಾದ ಭಾಷೆ ಹೆಚ್ಚಾಗಿ ಹೊರಗಿನಿಂದ ಬಂದವರದ್ದು, ಪರೀಕ್ಷೆಗೆ ಒಳಗಾಗುವವರದ್ದು. ಲಿಟಲ್ ರಾಕ್‌ನಿಂದ ಹೊರಟವಳು ಹಡಗಿನ ಮೇಲ್ದರ್ಜೆಯಲ್ಲಿ ಆಡುವ ಇಂಗ್ಲಿಷೂ ಅಂಥದ್ದೇ. ಅದನ್ನು ಪೆದ್ದುತನ ಎಂದು ಓದಿದ ವಿಮರ್ಶೆಗೆ ತನ್ನ ಮನೆಭಾಷೆಯನ್ನು ಬದಲಿಸಿಕೊಳ್ಳಬೇಕಾದ ಪ್ರಸಂಗವೇ ಬಂದಿಲ್ಲ ಎಂದು ನನ್ನ ಸಂಶಯ.

ಭಾಷೆಯನ್ನು ವೇಷ ಎಂದುಕೊಂಡರೆ ಕೋರ್ಟಿನ ದೃಶ್ಯ ತೆರೆದುಕೊಳ್ಳುತ್ತದೆ. ಇಡೀ ಸಿನಿಮಾದಲ್ಲಿ ನನಗೆ ಅತಿ ಮುಖ್ಯ ಅನ್ನಿಸುವುದು ಇದು, ಗುಲಾಬಿ ಉಡುಪಿನ ಹಾಡಲ್ಲ. ಕಿರೀಟ ಕದ್ದ ಆರೋಪದಲ್ಲಿ ಲಾರೆಲೈ ಕೋರ್ಟಿಗೆ ಬರಬೇಕು. ಅವಳು ಗಸ್‌ನನ್ನು ಒಲಿಸಿ ಕಿರೀಟದ ಹಣ ಹೊಂದಿಸುವ ಕೆಲಸದಲ್ಲಿದ್ದಾಳೆ. ಆದ್ದರಿಂದ ಡೊರೊಥಿ ಹೊಂಬಣ್ಣದ ಕೂದಲು ಧರಿಸಿ, ತುಪ್ಪಳದ ಕೋಟು ಹಾಕಿ, ತಾನೇ ಲಾರೆಲೈ ಎಂದು ಬಂದು ನಿಲ್ಲುತ್ತಾಳೆ. ಆ ಉಸಿರು ಬೆರೆಸಿದ ಧ್ವನಿ, ಆ ಅಗಲವಾದ ಕಣ್ಣು, ಆ ಅತಿ ವಿನಯ ಎಲ್ಲವನ್ನೂ ಎತ್ತಿಕೊಂಡು ಆಡ್ತಾಳೆ. ಕೊನೆಗೆ ಕೋಟು ಕಳಚಿ ವಜ್ರದ ಹಾಡನ್ನೇ ಕುಣಿದುಬಿಡ್ತಾಳೆ. ನ್ಯಾಯಾಧೀಶರಾದಿಯಾಗಿ ಎಲ್ಲರೂ ಬೆರಗು.

ಇದರಲ್ಲಿ ಎರಡು ಸಂಗತಿ ನಡೆಯುತ್ತದೆ. ಮೊದಲನೆಯದು, ‘ಹೊಂಗೂದಲಿನ ಚೆಲುವೆ’ ಎಂಬುದು ಹುಟ್ಟಿನಿಂದ ಬಂದದ್ದಲ್ಲ, ಯಾರು ಬೇಕಾದರೂ ಕಟ್ಟಬಹುದಾದ ವೇಷ ಎಂದು ಸಾಬೀತಾಗುತ್ತದೆ. ಯಕ್ಷಗಾನದಲ್ಲಿ ಸ್ತ್ರೀವೇಷವನ್ನು ಗಂಡಸರು ಕಟ್ಟುವುದನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಹೆಣ್ಣುತನದಲ್ಲಿ ಎಷ್ಟು ಪಾಲು ಕುತ್ತಿಗೆ ತಿರುಗಿಸುವ ಅಭ್ಯಾಸ, ಎಷ್ಟು ಪಾಲು ಕೈಬೆರಳು ಎಂದು ನಮಗೆ ಲೆಕ್ಕ ಸಿಗುತ್ತದೆ. ಆದರೆ ಇಲ್ಲಿ ಒಬ್ಬ ಹೆಂಗಸು ಇನ್ನೊಬ್ಬ ಹೆಂಗಸಿನ ಸ್ತ್ರೀವೇಷ ಕಟ್ತಾಳೆ. ಅಣಕ ಉಂಟು, ಅವಮಾನ ಇಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಮಲೋನ್‌ಗೆ ಇವಳು ಡೊರೊಥಿ ಎಂದು ಗೊತ್ತಾಗಿದೆ, ಬಯಲಿಗೆಳೆಯಲು ಹೊರಟಿದ್ದಾನೆ. ಆಗ ಅವಳು ಲಾರೆಲೈಯ ಬಾಯಿಯಿಂದಲೇ ಹೇಳ್ತಾಳೆ: ನನ್ನ ಗೆಳತಿ ಡೊರೊಥಿಗೆ ಮಲೋನ್ ಮೇಲೆ ನಿಜವಾಗಿ ಪ್ರೀತಿ, ಆದರೆ ಅವನು ನನಗೆ ಕೇಡು ಮಾಡಿದರೆ ಅವಳು ಅವನನ್ನು ಕ್ಷಮಿಸಲಾರಳು. ಡೊರೊಥಿ ಸಿನಿಮಾದುದ್ದಕ್ಕೂ ಎಲ್ಲವನ್ನೂ ವ್ಯಂಗ್ಯದಲ್ಲಿ ಮುಚ್ಚಿಟ್ಟವಳು. ತನ್ನ ಪ್ರೀತಿಯನ್ನು ಸ್ವಂತ ಧ್ವನಿಯಲ್ಲಿ ಹೇಳಲಾರದವಳಿಗೆ ಗೆಳತಿಯ ಧ್ವನಿ ಸಿಕ್ಕಿತು. ಪ್ರೇಮ ನಿವೇದನೆ ಮತ್ತು ಬೆದರಿಕೆ ಎರಡನ್ನೂ ಒಂದೇ ವಾಕ್ಯದಲ್ಲಿ, ಸಾಕ್ಷಿಕಟ್ಟೆಯಲ್ಲಿ ನಿಂತು, ಸುಳ್ಳು ಹೆಸರಿನಲ್ಲಿ, ಸತ್ಯವಾಗಿ ಹೇಳುವುದು! ಹಾಕ್ಸ್‌ನ ಹಳೆಯ ಸ್ಕ್ರೂಬಾಲುಗಳಲ್ಲಿ ಕೂಡ ಇದಕ್ಕೆ ಸಮನಾದ ದೃಶ್ಯ ನನಗೆ ಕಾಣುವುದಿಲ್ಲ.

ಹಾಗಂತ ಎಲ್ಲವನ್ನೂ ಒಪ್ಪಿಕೊಂಡು ಚಪ್ಪಾಳೆ ತಟ್ಟಲು ನಾನು ತಯಾರಿಲ್ಲ. ವಜ್ರದ ಹಾಡಿನ ರಂಗಸಜ್ಜಿಕೆಯನ್ನು ನೋಡಿ. ಕೆಂಪು ಹಿನ್ನೆಲೆ, ನಡುವೆ ತೂಗುದೀಪಗಳು. ಆ ದೀಪಗಳ ಕಂಬವಾಗಿ ನಿಂತವರು ಜೀವಂತ ಹೆಂಗಸರು. ಲಾರೆಲೈಗೆ ಹೆಸರು, ಮಾತು, ಗೆಳತಿ ಎಲ್ಲ ಸಿಕ್ಕಿದೆ. ಅವರಿಗೆ ದೀಪ ಹೊರುವ ಕೆಲಸ. ಜೊತೆಗೆ ಆ ವಜ್ರಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಯನ್ನು ಸಿನಿಮಾ ಕೇಳುವುದಿಲ್ಲ. ಗಣಿಯ ಮಾಲಿಕ ನಗೆಪಾಟಲಿನ ಮುದುಕ, ಗಣಿಯಲ್ಲಿ ಇಳಿದವರು ಕಥೆಯಲ್ಲೇ ಇಲ್ಲ. ಲಾರೆಲೈಯ ವಾದ ಪೇಟೆಯ ನಿಯಮವನ್ನು ಬಯಲು ಮಾಡುತ್ತದೆ ಎಂದೆ. ಬಯಲು ಮಾಡಿ ಅದೇ ಪೇಟೆಯಲ್ಲಿ ಒಳ್ಳೆಯ ವ್ಯಾಪಾರವನ್ನೂ ಮಾಡಿಕೊಳ್ಳುತ್ತದೆ. ಇಬ್ಬರ ಗೆಳೆತನ ಇಬ್ಬರನ್ನು ದಾಟಿ ಮೂರನೆಯ ಹೆಂಗಸಿಗೆ ತಲುಪುವುದೇ ಇಲ್ಲ. ಲೇಡಿ ಬೀಕ್‌ಮನ್‌ಗಂತೂ ಗಂಡನೂ ಮೋಸ, ಕಿರೀಟವೂ ಹೋಯಿತು, ಮೇಲಿಂದ ಪ್ರೇಕ್ಷಕರ ನಗು ಬೇರೆ. ಅವಳ ಕಡೆಯಿಂದ ಈ ಕಥೆ ಹೇಳಿದರೆ ಸ್ಕ್ರೂಬಾಲ್ ಆಗುವುದು ಕಷ್ಟ.

ಕೊನೆಯ ಚಿತ್ರಿಕೆಗೆ ಬರ್ತೇನೆ. ಜೋಡಿ ಮದುವೆ. ಇಬ್ಬರೂ ಬಿಳಿ ಉಡುಪಿನಲ್ಲಿ, ಪಕ್ಕದಲ್ಲಿ ಒಬ್ಬೊಬ್ಬ ವರ. ಹಿನ್ನೆಲೆಯಲ್ಲಿ ಮೊದಲಿನ ಲಿಟಲ್ ರಾಕ್ ಹಾಡಿನ ಧಾಟಿ. ಕ್ಯಾಮೆರಾ ನಿಧಾನ ಮುಂದೆ ಹೋದ ಹಾಗೆ ಗಂಡಸರಿಬ್ಬರೂ ಚೌಕಟ್ಟಿನಿಂದ ಆಚೆ ಹೋಗ್ತಾರೆ, ಗೆಳತಿಯರಿಬ್ಬರೇ ಉಳೀತಾರೆ. ಇದನ್ನು ಗೆಳೆತನದ ಜಯ ಎಂದು ಬಹಳ ಜನ ಓದಿದ್ದಾರೆ. ನನಗೆ ಅನ್ನಿಸುವುದು, ಇದು ಒಂದು ಪ್ರದರ್ಶನ ಮುಗಿಸಿದ ಕಲಾವಿದೆಯರಿಬ್ಬರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ನೋಟ. ಒಡ್ಡೋಲಗದಲ್ಲಿ ಒಟ್ಟಿಗೆ ಬಂದವರು ಮಂಗಳದಲ್ಲಿಯೂ ಒಟ್ಟಿಗೆ. ಮದುವೆ ಕೂಡ ಅವರು ಚೆನ್ನಾಗಿ ಮಾಡಿ ಮುಗಿಸಿದ ಒಂದು ವೇಷದ ಹಾಗೆ ಕಾಣುತ್ತದೆ. ಅಂದ ಹಾಗೆ, ನಿಜಜೀವನದಲ್ಲಿಯೂ ಮನ್ರೋ ಮತ್ತು ರಸೆಲ್ 1953ರ ಜೂನ್ 26ರಂದು ಗ್ರೌಮನ್ಸ್ ಚೈನೀಸ್ ಥಿಯೇಟರಿನ ಎದುರಿನ ಹಸಿ ಸಿಮೆಂಟಿನಲ್ಲಿ ಒಟ್ಟಿಗೇ ಬಗ್ಗಿ ಕೈಗುರುತು ಒತ್ತಿದರು.

(ಮಂಡನೆಯ ನಂತರದ ಚರ್ಚೆಯಲ್ಲಿ ಅಧ್ಯಾಪಕರೊಬ್ಬರು ಕೇಳಿದರು: “ಹಾಗಾದರೆ ಗಸ್ ಮತ್ತು ಮಲೋನ್ ಈ ಕಥೆಗೆ ಬೇಕೇ ಇಲ್ಲ ಎನ್ನುತ್ತೀರಾ? ನಿಮ್ಮ ಓದಿನಲ್ಲಿ ಗಂಡಸರು ಬ್ಯಾಗು ಹಿಡಿದು ನಿಂತವರ ಹಾಗೆ ಕಾಣುತ್ತಾರೆ.”)

ಸರ್, ಗಸ್‌ನ ಮಟ್ಟಿಗೆ ಅದು ಸುಮಾರು ನಿಜ. ಅವನು ಬ್ಯಾಗು ಹಿಡಿದವನೇ, ಬ್ಯಾಗಿಗೆ ದುಡ್ಡು ಕೊಟ್ಟವನೂ ಅವನ ಅಪ್ಪ. ಆದರೆ ಮಲೋನ್ ಹಾಗಲ್ಲ. ಕೋರ್ಟಿನಲ್ಲಿ ಅವನ ಎದುರು ಎರಡು ದಾರಿ ಇತ್ತು. ಸತ್ಯ ಹೇಳಿ ತನ್ನ ಕೆಲಸ ಉಳಿಸಿಕೊಳ್ಳಬಹುದಿತ್ತು, ಡೊರೊಥಿಯ ವೇಷ ಕಳಚಬಹುದಿತ್ತು. ಅವನು ಬಾಯಿ ಮುಚ್ಚಿದ. ವಿಮಾನ ನಿಲ್ದಾಣದಲ್ಲಿ ಬೀಕ್‌ಮನ್‌ನನ್ನು ಕಿರೀಟದ ಸಮೇತ ಹಿಡಿದು ತಂದ. ಡೊರೊಥಿಯನ್ನು ಪಡೆಯಬೇಕಾದರೆ ಲಾರೆಲೈಯನ್ನು ಉಳಿಸಬೇಕು ಎಂದು ಅವನಿಗೆ ಅರ್ಥವಾಯಿತು. ಪ್ರೀತಿಸಿದವಳ ಜೊತೆಗೆ ಅವಳ ಗೆಳತಿಯನ್ನೂ ಒಪ್ಪಿಕೊಂಡ ಗಂಡಸು ಅವನು. ಹಾಕ್ಸ್‌ನ ಸಿನಿಮಾಗಳಲ್ಲಿ ಗಂಡಸಿನ ಗೆಳೆಯರನ್ನು ಹೀಗೆ ಒಪ್ಪಿಕೊಂಡ ಹೆಂಗಸರು ಎಷ್ಟೋ ಮಂದಿ ಇದ್ದಾರೆ, ಅವರ ಬಗ್ಗೆ ನಾವು ಯಾರೂ ಈ ಪ್ರಶ್ನೆ ಕೇಳುವುದಿಲ್ಲ ಸರ್.